ಬಾಯಿಗೆ ಎಲೆ ಬೀಳುವ ಮೊದಲು

ಬೆಳಗಿನ ಐದೂವರೆ. ವಿಲಾಪಂಪಾದ ತವರದ ಗಣಿಯ ಬಾಗಿಲಲ್ಲಿ ಬಾಸಿಲಿಯಾ ಕೋಲ್ಕೆ ನಿಂತಲ್ಲಿ ನಿಲ್ಲುತ್ತಿಲ್ಲ. ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಬಿಸ್ಕತ್ತಿನ ಹಳೆಯ ಡಬ್ಬಿ. ಹೆಬ್ಬೆರಳಿನಿಂದ ಡಬ್ಬಿಯ ಮುಚ್ಚಳ ಎತ್ತುತ್ತಾರೆ, ಮುಚ್ಚುತ್ತಾರೆ, ಮತ್ತೆ ಎತ್ತುತ್ತಾರೆ. ಕೆಳಗಿನ ದಾರಿಯಲ್ಲಿ ಹೆಲ್ಮೆಟ್ಟಿನ ದೀಪಗಳು ಒಂದೊಂದಾಗಿ ಮೇಲೇರಿ ಬರುತ್ತಿವೆ. ಅವು ಬರುವ ನಿಧಾನ ನೋಡಿ ಬಾಸಿಲಿಯಾರಿಗೆ ತಡೆಯಲಾಗುವುದಿಲ್ಲ.

"ಬೇಗ ಬೇಗ ಹೆಜ್ಜೆ ಹಾಕ್ರಯ್ಯಾ! ಮದುವೆ ದಿಬ್ಬಣ ಹೊರಟಿದೀರಾ?"

"ಬಂದ್ವಿ ದೋನ್ಯಾ ಬಾಸಿ, ಬಂದ್ವಿ," ಎಂದು ಕತ್ತಲಲ್ಲಿ ಯಾರೋ ಕೂಗುತ್ತಾರೆ. "ಬೆಳಿಗ್ಗೆ ಬೆಳಿಗ್ಗೆ ನಮ್ಮ ಬಾಯಿ ವಾಸನೆ ಕುಡೀದಿದ್ರೆ ನಿಮಗೆ ದಿನಾನೇ ಶುರು ಆಗಲ್ಲ ಅಲ್ವಾ?"

ಅವರಿಂದ ನಾಲ್ಕು ಹೆಜ್ಜೆ ಆಚೆ ಚಪ್ಪಟೆ ಕಲ್ಲಿನ ಮೇಲೆ ದೋನ್ಯಾ ಸಾತುಕಾ ಕೂತಿದ್ದಾರೆ. ದೋನ್ಯಾ ಎಂದರೆ ಇಲ್ಲಿ 'ಅಮ್ಮಾವ್ರೇ' ಎಂದಂತೆ. ಮಡಿಲಲ್ಲಿ ಕೋಕಾ ಎಲೆಯ ಗಂಟು. ಬಿಚ್ಚಿಲ್ಲ. ಗಣಿಗಿಳಿಯುವವರಿಗೆ ಈ ಎಲೆ ಬೇಕೇ ಬೇಕು. ಎಲೆಯ ಜೊತೆಗೆ ಚಿಟಿಕೆ ಬೂದಿಯುಂಡೆ, ನಾವು ವೀಳ್ಯದೆಲೆಗೆ ಸುಣ್ಣ ಸವರಿದಂತೆ. ಒಮ್ಮೆ ಕೆನ್ನೆಯೊಳಗೆ ಎಲೆಯ ಮುದ್ದೆ ಕೂತಿತೆಂದರೆ ಹಸಿವು, ಸುಸ್ತು, ಚಳಿ ಎಲ್ಲ ದೂರ. ಬಾಯಿ ಮಾತ್ರ ಮಧ್ಯಾಹ್ನದವರೆಗೂ ಯಾರಿಗೂ ತೆರೆಯುವುದಿಲ್ಲ. ಆದ್ದರಿಂದ ಬಾಸಿಲಿಯಾರಿಗೆ ಸಿಗುವುದು ಇಷ್ಟೇ: ಗಂಡಸರು ಬೆಟ್ಟ ಹತ್ತಿ ಬಂದ ಮೇಲೆ, ಗಂಟು ಬಿಚ್ಚುವ ಮೊದಲು, ಇಪ್ಪತ್ತೈದು ನಿಮಿಷ.

ಇದು ಇಬ್ಬರು ಹೆಂಗಸರ ನಡುವಿನ ಒಪ್ಪಂದ. ಸಾತುಕಾರ ಮಗಳಿಗೆ ನಾಮಕರಣದ ದಿನ ಬಾಸಿಲಿಯಾ ಧರ್ಮತಾಯಿಯಾಗಿ ನಿಂತವರು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ' ಎಂದೇ ಕರೆಯುತ್ತಾರೆ. ಆ ನಂಟಿನ ದಾಕ್ಷಿಣ್ಯಕ್ಕೆ ಗಂಟು ಕಟ್ಟಿಯೇ ಇರುತ್ತದೆ. ದಾಕ್ಷಿಣ್ಯವೇನೋ ಉಂಟು, ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

"ಬೇಗ ಮುಗಿಸು ಕೊಮಾದ್ರೆ. ನೀನು ಬಾಯಿ ತೆಗೆಸ್ತೀಯ, ನಾನು ಬಾಯಿ ತುಂಬಿಸ್ತೀನಿ. ಇಬ್ಬರದ್ದೂ ಹೊಟ್ಟೆಪಾಡೇ ತಾನೆ?"

ಡಬ್ಬಿಯಲ್ಲಿ ಹನ್ನೆರಡು ತೆಳು ಸಲಾಕೆಗಳಿವೆ. ತುದಿಯಲ್ಲಿ ಮಿಲಿಮೀಟರಿನ ಕಪ್ಪು ಗೆರೆಗಳು. ಹಲ್ಲಿನಿಂದ ಒಸಡು ಎಷ್ಟು ಕೆಳಗಿಳಿದಿದೆ, ಎಷ್ಟು ಮೇಲೆ ಸರಿದಿದೆ ಎಂದು ಅಳೆಯುವುದಕ್ಕೆ. ಪ್ರತಿ ಸಲಾಕೆಯನ್ನೂ ಹಿಂದಿನ ಸಂಜೆ ಆರೋಗ್ಯ ಕೇಂದ್ರದ ಪಾತ್ರೆಯಲ್ಲಿ ಕುದಿಸಿಟ್ಟಿದ್ದಾರೆ. ಒಂದು ಬಾಯಿಗೆ ಒಂದೇ. ಹಾಗಾಗಿ ನಲವತ್ತು ಜನ ಸಾಲು ನಿಂತರೂ ಅಳೆಯಬಹುದಾದದ್ದು ಹನ್ನೆರಡು ಬಾಯಿ. ಉಳಿದವರದ್ದು ಟಾರ್ಚು ಬಿಟ್ಟು ಕಣ್ಣಲ್ಲೇ ನೋಡಬೇಕು. ಯಾರ ಬಾಯಿಗೆ ಸಲಾಕೆ, ಯಾರ ಬಾಯಿಗೆ ಬರೀ ಬೆಳಕು ಎಂಬುದನ್ನು ಅವರು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿರುತ್ತಾರೆ. ದಾರಿಯುದ್ದಕ್ಕೂ ಮೂರು ಸಲ ಬದಲಾಯಿಸುತ್ತಾರೆ.

"ಆ ಅನ್ನು. ಇನ್ನೂ ಅಗಲ. ರಾತ್ರಿ ಏನ್ ತಿಂದೆ, ಒಣ ಆಲೂಗೆಡ್ಡೆ ಸಾರಾ? ಇಲ್ಲೇ ಇದೆ ನೋಡು ಅರ್ಧ. ಉಜ್ಜುವಾಗ ರಕ್ತ ಬರುತ್ತಾ?"

"ಬರುತ್ತೆ ದೋನ್ಯಾ. ಅದಕ್ಕೇ ಉಜ್ಜೋದು ಬಿಟ್ಟೆ."

"ಬಿಟ್ಟಾ? ಕಾಲಿಗೆ ಗಾಯ ಆದ್ರೆ ತೊಳೆಯೋದು ಬಿಡ್ತೀಯಾ? ರಕ್ತ ಬಂತು ಅಂದ್ರೆ ಒಸಡು ಕೂಗ್ತಾ ಇದೆ ಅಂತ. ಮೆತ್ತಗಿನ ಬ್ರಷ್ ತಗೋ, ಒಸಡಿನ ಅಂಚಿಗೆ ಓರೆಯಾಗಿ ಇಡು, ಸಣ್ಣದಾಗಿ ಸುತ್ತಿಸು. ಗುದ್ದಬೇಡ. ಹದಿನೈದು ದಿನದಲ್ಲಿ ರಕ್ತ ನಿಲ್ಲುತ್ತೆ. ನಿಲ್ಲಲಿಲ್ವೋ, ಗುರುವಾರ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತೀನಿ. ಹ್ಞೂಂ, ಮುಂದೆ!"

ಒಂದು ಬಾಯಿಗೆ ಮೂವತ್ತೈದು ಸೆಕೆಂಡು. ಐವತ್ತೈದರ ಬಾಸಿಲಿಯಾ ಡಾಕ್ಟರಲ್ಲ, ನರ್ಸೂ ಅಲ್ಲ. ಕಾಗದದ ಮೇಲೆ ಅವರ ಹುದ್ದೆ ದಂತ ಸಹಾಯಕಿ. ಕೆಲಸದ ಪಟ್ಟಿಯಲ್ಲಿ ಉಪಕರಣ ತೊಳೆಯುವುದು, ಕುರ್ಚಿ ಒರೆಸುವುದು, ಎರಡು ವಾರಕ್ಕೊಮ್ಮೆ ಗುರುವಾರ ಬರುವ ದಂತವೈದ್ಯೆಗೆ ರೋಗಿಗಳನ್ನು ಒಳಗೆ ಬಿಡುವುದು, ಇಷ್ಟೇ ಇದೆ. ಬೆಳಗಿನ ಜಾವ ನಾಲ್ಕು ಕಿಲೋಮೀಟರ್ ಬೆಟ್ಟ ಹತ್ತಿ ಗಣಿಯ ಬಾಗಿಲಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಲ್ಲ. ಇಪ್ಪತ್ತು ವರ್ಷದಿಂದ ನಿಲ್ಲುತ್ತಿದ್ದಾರೆ. ಕಾಲಿಗೆ ಚಕ್ರ ಕಟ್ಟಿಕೊಂಡವರು ಎಂದು ಊರು ಆಡಿಕೊಳ್ಳುತ್ತದೆ. ಮನೆಯಲ್ಲಿ ಊಟಕ್ಕೂ ಕೂರುವುದಿಲ್ಲ, ತಟ್ಟೆ ಹಿಡಿದು ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಓಡಾಡುತ್ತಲೇ ಉಣ್ಣುತ್ತಾರೆ.

ಯಾಕೆ ಕೂರುವುದಿಲ್ಲ ಎಂದು ಕೇಳಿದರೆ ಮೊದಲು ಹುಸಿನಗು. ಆಮೇಲೆ ಒಂದು ನೋಟ್‌ಬುಕ್ಕು ಹೊರಗೆ ಬರುತ್ತದೆ. ನೀಲಿ ಹೊದಿಕೆಯ, ಶಾಲೆಯ ನೋಟ್‌ಬುಕ್ಕು. ಅದರಲ್ಲಿ ಅರವತ್ತನಾಲ್ಕು ಹೆಸರುಗಳಿವೆ. ನಲವತ್ತೇಳರ ಮುಂದೆ ಗುರುತು ಬಿದ್ದಿದೆ. ಹದಿನೇಳು ಖಾಲಿ.

ಇಪ್ಪತ್ತಾರು ವರ್ಷದ ಹಿಂದೆ ಬಾಸಿಲಿಯಾ ಈ ಕೆಲಸಕ್ಕೆ ಸೇರಿದಾಗ ಕೊಟ್ಟ ತರಬೇತಿ ಎರಡೇ ವಾರದ್ದು. ಅದರಲ್ಲಿ ಹಲ್ಲುಜ್ಜುವ ಪಾಠಕ್ಕೆ ಒಂದು ಮಧ್ಯಾಹ್ನ. ಪಾತ್ರೆ ಬೆಳಗಿದಂತೆ ಉಜ್ಜಿಸಿ, ಎಂದಿದ್ದರಂತೆ ಪಾಠ ಮಾಡಿದವರು. ದಾನಕ್ಕೆ ಬಂದ ಬ್ರಷ್ಷುಗಳ ಪೆಟ್ಟಿಗೆಗಳೂ ಜೊತೆಗೆ ಬಂದವು. ಬಿರುಸು ಕೂದಲಿನ, ಕೆಂಪು ಹಿಡಿಯ ಬ್ರಷ್ಷುಗಳು. ಬಾಸಿಲಿಯಾ ಆಗ ಇಪ್ಪತ್ತೊಂಬತ್ತರ ಹುರುಪಿನ ಹೆಂಗಸು. ಪ್ರತಿ ಸೋಮವಾರ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ, ಚಪ್ಪಾಳೆಯ ತಾಳಕ್ಕೆ ಗರಗಸ ಎಳೆದಂತೆ ಎಡಕ್ಕೆ ಬಲಕ್ಕೆ ಉಜ್ಜಿಸಿದರು. ವರ್ಷಕ್ಕೊಮ್ಮೆ ನೊರೆಯ ಪಂದ್ಯ ಇಟ್ಟರು. ಯಾರ ಬಾಯಲ್ಲಿ ಹೆಚ್ಚು ನೊರೆಯೋ ಅವರಿಗೆ ಬಹುಮಾನ. ಬಹುಮಾನವೂ ಅದೇ ಕೆಂಪು ಬ್ರಷ್ಷು.

"ನಾನು ಬೇರೆಯವರ ಹಾಗೆ ಹೇಳಿ ಕೈ ತೊಳೆದುಕೊಳ್ಳೋಳಲ್ಲ. ಹಟ ಹಿಡಿದು ಮಾಡಿಸ್ದೆ," ಎನ್ನುತ್ತಾರೆ. "ಒಂದೇ ಒಂದು ಮಗು ತಪ್ಪಿಸ್ಕೊಳ್ಳೋಕೆ ಬಿಡಲಿಲ್ಲ. ಆರು ವರ್ಷ. ಅಷ್ಟು ಶ್ರದ್ಧೆ ನನ್ನದು, ಸುಡುಗಾಡು ಶ್ರದ್ಧೆ."

ಆರನೆಯ ವರ್ಷ ಒರುರೋ ನಗರದಲ್ಲಿ ಮರುತರಬೇತಿ. ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದರು. ಒಸಡು ಮೇಲಕ್ಕೆ ಸರಿದು, ಹಳದಿ ಬೇರು ಹೊರಬಿದ್ದು, ಹಲ್ಲು ಉದ್ದವಾದಂತೆ ಕಾಣುತ್ತಿತ್ತು. ಬಿರುಸು ಬ್ರಷ್ಷಿನಿಂದ ಅಡ್ಡಡ್ಡ ಗಟ್ಟಿಯಾಗಿ ಉಜ್ಜಿದರೆ ವರ್ಷಗಳು ಕಳೆದಂತೆ ಹೀಗಾಗಬಹುದು ಎಂದರು ಪಾಠ ಮಾಡಿದವರು. ಒಸಡಿನಂಚಿನಲ್ಲಿ ಕಿಟ್ಟ ಕಟ್ಟಿದರೂ ಆಗುತ್ತದೆ, ಹೊಗೆಸೊಪ್ಪಿನಿಂದಲೂ ಆಗುತ್ತದೆ. ಒಮ್ಮೆ ಸರಿದ ಒಸಡು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಇನ್ನಷ್ಟು ಸರಿಯದಂತೆ ತಡೆಯಬಹುದು, ಅಷ್ಟೆ.

"ಚಿತ್ರದಲ್ಲಿದ್ದ ಬಾಯಿ ಯಾವನೋ ದೊಡ್ಡವನದ್ದು. ನನಗೆ ಕಂಡಿದ್ದು ನಮ್ಮ ಶಾಲೆ ಅಂಗಳ," ಎನ್ನುತ್ತಾರೆ ಬಾಸಿಲಿಯಾ. "ಮೂರು ಗಂಟೆ ಬಸ್ಸಲ್ಲಿ ಸೀಟು ಖಾಲಿ ಇತ್ತು. ನಿಂತ್ಕೊಂಡೇ ಬಂದೆ. ಕೂರೋಕೆ ಆಗಲಿಲ್ಲ. ಅವತ್ತಿಂದ ಹಿಂಗೇ."

ಉಳಿದ ಕೆಂಪು ಬ್ರಷ್ಷುಗಳನ್ನು ಅವರು ಮರುದಿನವೇ ಒಲೆಗೆ ಹಾಕಿದರು. ಶಾಲೆಗೆ ಹೋಗಿ ಹೊಸ ಪಾಠ ಶುರುಮಾಡಿದರು. ಆದರೆ ಹಳೆಯ ಮಕ್ಕಳಲ್ಲಿ ಹೆಚ್ಚಿನವರು ಅಷ್ಟರಲ್ಲಿ ಶಾಲೆ ಬಿಟ್ಟಿದ್ದರು. ಗಣಿಗಿಳಿದರು, ಚಿಲಿಯ ತೋಟಗಳಿಗೆ ಹೋದರು, ಬಸ್ಸಿನ ಕಂಡಕ್ಟರಾದರು, ಮದುವೆಯಾದರು. ಹಾಗೆ ಹೋದ ಅರವತ್ತನಾಲ್ಕು ಜನರಿಗೆ ತಾನು ಹೇಳಿಕೊಟ್ಟದ್ದು ತಪ್ಪು ಎಂದು ಹೇಳಬೇಕು, ಬಾಯಿ ನೋಡಬೇಕು. ನೀಲಿ ನೋಟ್‌ಬುಕ್ಕು ಹುಟ್ಟಿದ್ದು ಹಾಗೆ, ಬೆಳಗಿನ ಜಾವದ ನಡಿಗೆ ಹುಟ್ಟಿದ್ದೂ ಹಾಗೆಯೇ.

ಈ ದಿನಗಳಲ್ಲಿ ಅವರ ತಲೆ ತಿನ್ನುತ್ತಿರುವ ಬಾಯಿ ಒಂದೇ: ಸಿಪ್ರಿಯಾನೋ ಲ್ಯಾಂಕೆಯದು. ಮೂವತ್ತೈದು ವರ್ಷ. ಹೊರಗಿನ ಗಣಿಗಳಲ್ಲಿ ದುಡಿದು ಹೋದ ವರ್ಷ ಊರಿಗೆ ಮರಳಿದವನು, ಇಲ್ಲೀಗ ಬಂಡೆ ಕೊರೆಯುತ್ತಾನೆ. ಊರಿನ ಬ್ಯಾಂಡಿನಲ್ಲಿ ಮೊದಲನೇ ಟ್ರಂಪೆಟ್ಟು. ಮೂರು ವರ್ಷ ಸತತವಾಗಿ ನೊರೆಯ ಪಂದ್ಯ ಗೆದ್ದ ಹುಡುಗ ಇವನೇ. ಆರು ತಿಂಗಳ ಹಿಂದೆ ಮೊದಲ ಸಲ ನೋಡಿದಾಗ ಮೇಲಿನ ಸಾಲಿನ ಎಡ ಮುಂಬಲ್ಲಿನ ಒಸಡು ಎರಡು ಮಿಲಿಮೀಟರ್ ಸರಿದಿತ್ತು. ಬೆರಳಿಟ್ಟರೆ ಹಲ್ಲು ಒಂಚೂರು ಅಲುಗುತ್ತಿತ್ತು. ಟ್ರಂಪೆಟ್ಟಿನ ಬಾಯಿ ಒತ್ತಿ ಕೂರುವುದು ಸರಿಯಾಗಿ ಆ ಹಲ್ಲಿನ ಮೇಲೆಯೇ. ಗುರುವಾರ ಬಾ ಎಂದಿದ್ದರು. ಬರಲಿಲ್ಲ. ಬ್ಯಾಂಡು ಮೆರವಣಿಗೆ ಹೊರಡುವ ಕಾರ್ನಿವಲ್ ಹಬ್ಬಕ್ಕೆ ಇನ್ನು ಮೂರು ವಾರ. ಹನ್ನೊಂದು ದಿನದಿಂದ ಅವನು ಎಲೆಯ ಮುದ್ದೆಯನ್ನು ಮನೆಯಿಂದಲೇ ಕೆನ್ನೆಯಲ್ಲಿಟ್ಟುಕೊಂಡು ಬರುತ್ತಿದ್ದಾನೆ. ಬಾಯಿ ತೆರೆ ಎಂದರೆ ಊದಿದ ಕೆನ್ನೆ ತೋರಿಸಿ, ತಲೆಯಾಡಿಸಿ, ಗಣಿಯೊಳಗೆ ಮಾಯ.

ಅವನ ಹೆದರಿಕೆ ಏನೆಂದು ಇಡೀ ಊರಿಗೆ ಗೊತ್ತು. ಹಿಂದಿದ್ದ ದಂತವೈದ್ಯರದ್ದು ಒಂದೇ ಮಂತ್ರ, ಅಲುಗಿದ ಹಲ್ಲು ಕೀಳು. ಇಬ್ಬರು ಟ್ರಂಪೆಟ್ಟಿನವರು ಹಾಗೆ ಮುಂಬಲ್ಲು ಕಳೆದುಕೊಂಡರು. ಬ್ಯಾಂಡು ಅವರನ್ನು ಬಿಡಲಿಲ್ಲ, ತಾಳ ಬಡಿಯಲು ಹಿಂದಿನ ಸಾಲಿಗೆ ಕಳಿಸಿತು. ಬ್ಯಾಂಡಿನಲ್ಲಿ ಅದಕ್ಕಿಂತ ಮಾನ ಹೋಗುವ ಸಂಗತಿ ಇನ್ನೊಂದಿಲ್ಲ. ಈಗಿರುವ ಡಾಕ್ಟರ್ ಹಿಮೇನಾ ಹಾಗಲ್ಲ, ಅಲುಗುವ ಹಲ್ಲನ್ನು ತೆಳುವಾದ ತಂತಿಯಿಂದ ಪಕ್ಕದ ಹಲ್ಲುಗಳಿಗೆ ಬೆಸೆದು ನಿಲ್ಲಿಸುತ್ತಾರೆ. ಆದರೆ ಹಲ್ಲು ಪೂರಾ ಸಡಿಲವಾದ ಮೇಲೆ ಹೋದರೆ ಅವರಿಗೂ ಕೀಳದೆ ದಾರಿಯಿಲ್ಲ. ಕಾರ್ನಿವಲ್ಲಿಗೆ ಮುಂಚೆ ಡಾಕ್ಟರ್ ಬರುವ ಗುರುವಾರ ಉಳಿದಿರುವುದು ಒಂದೇ.

ವಿಷಯ ಇನ್ನೂ ಕೆಟ್ಟಿದೆ ಎಂದು ತಿಳಿದದ್ದು ಸಾತುಕಾರಿಂದ.

"ಕೊಮಾದ್ರೆ, ನಿನ್ನ ಟ್ರಂಪೆಟ್ಟು ಈಗ ಬೂದಿಯುಂಡೆ ಎರಡೆರಡು ತಗೋತಾನೆ," ಎಂದರು ಅವರು ಒಂದು ಸಂಜೆ, ಬಿಸಿ ಜೋಳದ ಪಾನಕ ಹೀರುತ್ತ. "ಒಂದು ಕೆನ್ನೆಗೆ. ಇನ್ನೊಂದು ಎಲ್ಲಿಗೆ ಅಂತ ನೋಡ್ದೆ. ಮೇಲ್ತುಟಿ ಎತ್ತಿ, ಆ ಹಲ್ಲಿನ ಮೇಲೇ ಮೆತ್ಕೋತಾನೆ."

ಬಾಸಿಲಿಯಾರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಈ ಸೀಮೆಯವರು ಮಾತ್ರ ಮಾಡುವ ತಪ್ಪು ಇದು. ಎಲೆ ಮತ್ತು ಬೂದಿ ಸೇರಿದರೆ ಅಲ್ಲಿ ಜೋಮು ಹಿಡಿಯುತ್ತದೆ, ನೋವು ಅಡಗುತ್ತದೆ. ನೋವು ಅಡಗಿತು ಎಂದರೆ ವಾಸಿಯಾಯಿತು ಎಂದೇ ಎಲ್ಲರ ಲೆಕ್ಕ. ಅತ್ತ ಕ್ಷಾರದ ಬೂದಿ ಅದೇ ಜಾಗದ ಒಸಡನ್ನು ಸುಡುತ್ತಿರುತ್ತದೆ. ಜೋಮಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಸಂಜೆ ಜೋಮು ಇಳಿದಾಗ ನೋವು ಹೆಚ್ಚಾಗಿರುತ್ತದೆ, ಮರುದಿನ ಬೂದಿಯೂ ಹೆಚ್ಚು.

"ಎಲೆ ಬಿಡು ಅಂತ ನಾನು ಯಾರಿಗೂ ಹೇಳಿಲ್ಲ," ಎನ್ನುತ್ತಾರೆ ಬಾಸಿಲಿಯಾ. "ನಮ್ಮಪ್ಪನೂ ಹಾಕ್ತಿದ್ದ, ನಾನೂ ಹಾಕ್ತೀನಿ. ಹೇಳೋದಿಷ್ಟೇ, ದಿನಾ ಒಂದೇ ಕಡೆ ಇಡಬೇಡ. ಬೂದಿ ಒಸಡಿಗೆ ತಾಗಿಸಬೇಡ, ಎಲೆ ಮಧ್ಯೆ ಮುಚ್ಚಿಡು. ಮುಗಿದ ಮೇಲೆ ಬಾಯಿ ಮುಕ್ಕಳಿಸು. ಹುಣ್ಣಿಗೆ ಔಷಧ ಅಂತ ಮಾತ್ರ ಹಚ್ಚಬೇಡ. ಇಷ್ಟು ಕೇಳೋಕೆ ಏನು ರೋಗ ಇವರಿಗೆ?"

ಆ ರಾತ್ರಿ ಅವರಿಗೆ ನಿದ್ದೆ ಬಂದಂತಿಲ್ಲ. ಮರುದಿನ ಐದು ಗಂಟೆಗೇ ಗಣಿಯ ಬಾಗಿಲಲ್ಲಿದ್ದಾರೆ. ಡಬ್ಬಿಯ ಮುಚ್ಚಳದ ಸದ್ದು ನಿಂತೇ ಇಲ್ಲ. ಹನ್ನೆರಡು ಸಲಾಕೆಗಳಲ್ಲಿ ಹನ್ನೊಂದು ಮುಗಿದಿವೆ, ಒಂದನ್ನು ಉಳಿಸಿಕೊಂಡಿದ್ದಾರೆ. ಸಿಪ್ರಿಯಾನೋ ಬರುತ್ತಾನೆ, ಕೊನೆಯವನಾಗಿ, ಎಂದಿನಂತೆ ಕೆನ್ನೆ ಊದಿಸಿಕೊಂಡು. ಬಾಸಿಲಿಯಾ ಅಡ್ಡ ನಿಲ್ಲುತ್ತಾರೆ. ಅವನು ಪಕ್ಕಕ್ಕೆ ಸರಿಯುತ್ತಾನೆ. ಅವರೂ ಸರಿಯುತ್ತಾರೆ. ಎಳೆಯ ಕರುವನ್ನು ಹಟ್ಟಿಗೆ ಅಟ್ಟುವವರಂತೆ ಕಾಣುತ್ತಾರೆಂದು ಸಾಲಿನಲ್ಲಿದ್ದವರು ನಗುತ್ತಾರೆ.

ಆಗ ಸಾತುಕಾ ಒಂದು ಕೆಲಸ ಮಾಡುತ್ತಾರೆ. ಬಿಚ್ಚಬೇಕಿದ್ದ ಎಲೆಯ ಗಂಟಿಗೆ ಇನ್ನೊಂದು ಗಂಟು ಹಾಕುತ್ತಾರೆ.

"ಸಿಪ್ರಿಯಾನೋ ಬಾಯಿ ಬಿಡೋವರೆಗೂ ಇವತ್ತು ಯಾರಿಗೂ ಎಲೆ ಇಲ್ಲ."

ಎಲೆಯಿಲ್ಲದೆ ಗಣಿಗಿಳಿಯುವವರು ಈ ಬೆಟ್ಟದಲ್ಲಿಲ್ಲ. ನಲವತ್ತು ಗಂಟಲು ಒಟ್ಟಿಗೇ ತೆರೆಯುತ್ತವೆ.

"ಏಯ್ ಸಿಪ್ರಿಯಾನೋ, ತೆಗೆಯೋ ಬಾಯಿ!"

"ಒಳಗೆ ಚಿನ್ನ ಬಚ್ಚಿಟ್ಟಿದೀಯೇನೋ?"

"ಹೆಂಡತಿ ಹತ್ರ ಬಿಡಲ್ಲ, ದೋನ್ಯಾ ಹತ್ರಾನಾದ್ರೂ ಬಿಡೋ!"

"ನಿನ್ನ ಒಂದು ಹಲ್ಲಿಗೆ ನಲವತ್ತು ಜನ ಉಪವಾಸ ಬೀಳ್ಬೇಕಾ?"

ಸಿಪ್ರಿಯಾನೋನ ಮುಖ ಕೆಂಪಗಾಗುತ್ತದೆ. ಸಾತುಕಾರನ್ನು ದುರುಗುಟ್ಟಿ ನೋಡುತ್ತಾನೆ. ಅವರು ಅವನಿಗಿಂತ ಚೆನ್ನಾಗಿ ದುರುಗುಟ್ಟುತ್ತಾರೆ. ಕೊನೆಗೆ ಸೋಲುತ್ತಾನೆ. ಎಲೆಯನ್ನು ಹಾಗೆಲ್ಲ ಕಂಡಲ್ಲಿ ಉಗುಳುವ ಪದ್ಧತಿಯಿಲ್ಲ. ಬೆರಳಿನಿಂದ ಮುದ್ದೆ ತೆಗೆದು, ಗಣಿಯ ಬಾಗಿಲ ಬಳಿಯ ಕಲ್ಲಿನ ಬುಡದಲ್ಲಿ ಮೆಲ್ಲನೆ ಇಡುತ್ತಾನೆ. ಮೇಲ್ತುಟಿಯ ಕೆಳಗಿನದ್ದನ್ನೂ ತೆಗೆಯುತ್ತಾನೆ. ಬಾಟಲಿಯ ನೀರಿನಿಂದ ಮುಕ್ಕಳಿಸುತ್ತಾನೆ. ತಣ್ಣೀರು ಬೇರಿಗೆ ತಾಗಿ ಭುಜ ಜುಮ್ಮೆಂದು ಕುಗ್ಗುತ್ತದೆ. ಬಾಸಿಲಿಯಾರಿಗೆ ಅಷ್ಟು ಸಾಕು, ಇನ್ನೂ ನೋಡುವ ಮೊದಲೇ ತುಟಿ ಕಚ್ಚಿಕೊಳ್ಳುತ್ತಾರೆ.

ಅವನನ್ನು ಬಂಡೆಯ ಮರೆಗೆ ಕರೆದುಕೊಂಡು ಹೋಗುತ್ತಾರೆ. ಹಿಂದೆ ಸಾತುಕಾರ ಗಂಟು ಬಿಚ್ಚಿದ ಗದ್ದಲ. ಟಾರ್ಚು. ಹನ್ನೆರಡನೆಯ ಸಲಾಕೆ. ಒಸಡಿನಂಚು ಬಿಳಿಚಿಕೊಂಡು ಸುಲಿದಿದೆ. ಎರಡು ಇದ್ದದ್ದು ನಾಲ್ಕಾಗಿದೆ. ಸಲಾಕೆಯ ಹಿಡಿಯಿಂದ ಹಲ್ಲನ್ನು ಮೆಲ್ಲನೆ ತಳ್ಳುತ್ತಾರೆ. ಅಲುಗುತ್ತದೆ, ಆದರೆ ಪಕ್ಕಕ್ಕೆ ಮಾತ್ರ, ಮೇಲೆ ಕೆಳಗೆ ಇಲ್ಲ.

"ಕೀಳ್ತಾರಾ?" ಅವನ ಮೊದಲ ಮಾತು.

"ಇವತ್ತಿಗೆ ಇಲ್ಲ. ಈ ಗುರುವಾರ ಬಂದ್ರೆ ಇಲ್ಲ. ಅಡಿಯಲ್ಲಿ ಕಟ್ಟಿರೋ ಕಿಟ್ಟ ತೆಗೆದು, ತಂತಿ ಹಾಕಿ ನಿಲ್ಲಿಸ್ತಾರೆ. ಇದೇ ಬೂದಿ ಆಟ ಇನ್ನೊಂದು ತಿಂಗಳು ಆಡಿದ್ರೆ ನಾನೂ ಉಳಿಸಲಾರೆ, ದೇವರೂ ಉಳಿಸಲಾರ. ತಾಳ ಬಡಿಯೋದು ಕಲ್ತ್ಕೊ."

"ನಾನೇನು ಮಾಡ್ದೆ ದೋನ್ಯಾ? ಸಿಗರೇಟು ಸೇದಲ್ಲ. ಎಲ್ಲರಿಗಿಂತ ಚೆನ್ನಾಗಿ ಹಲ್ಲುಜ್ತೀನಿ. ಉಜ್ಜದೇ ಇರೋರದ್ದು ಗಟ್ಟಿ ಇದೆ, ನನ್ನದು ಹಿಂಗ್ಯಾಕೆ?"

ಈ ಪ್ರಶ್ನೆಯನ್ನು ಬಾಸಿಲಿಯಾ ನಲವತ್ತಾರು ಸಲ ಎದುರಿಸಿದ್ದಾರೆ. ಒಂದು ಸಲವೂ ಸಲೀಸಾಗಿರಲಿಲ್ಲ. ಇವನಿಗೆ ಆರು ತಿಂಗಳ ಹಿಂದೆ ಹೇಳಬೇಕಿತ್ತು, ಅಂದು ಹಿಂದೆ ಸಾಲು ನಿಂತಿತ್ತು. ಹೆಸರಿನ ಮುಂದೆ ಗುರುತು ಹಾಕಿ, ಹೇಳಬೇಕಾದ್ದನ್ನು ನುಂಗಿಕೊಂಡಿದ್ದರು. ಈಗ ಟಾರ್ಚು ಆರಿಸುತ್ತಾರೆ.

"ನಾನು ಮಾಡಿದ್ದು ಕಣಪ್ಪ. ನಾನು ಹೇಳ್ಕೊಟ್ಟಿದ್ದೇ ತಪ್ಪು. ಗಟ್ಟಿಯಾಗಿ ಉಜ್ಜಬಾರದಿತ್ತು. ಆ ಬ್ರಷ್ಷೂ ಸರಿ ಇರಲಿಲ್ಲ. ನೊರೆ ಪಂದ್ಯ... ನನ್ನ ಬುದ್ಧಿಗಿಷ್ಟು! ನೀನು ಮೂರು ಸಲ ಗೆದ್ದೆ. ಮೂರು ಸಲಾನೂ ನಾನೇ ಚಪ್ಪಾಳೆ ಹೊಡೆದೆ."

ಆಗ ಸಿಪ್ರಿಯಾನೋ ಹೇಳಿದ ಮಾತನ್ನು ನೆನೆದರೆ ಬಾಸಿಲಿಯಾರ ಹೆಬ್ಬೆರಳು ಇಂದಿಗೂ ಡಬ್ಬಿಯ ಮುಚ್ಚಳ ಹುಡುಕುತ್ತದೆ.

"ದೋನ್ಯಾ, ನೀವು ಹೇಳ್ಕೊಟ್ಟ ಹಾಗೇ ಉಜ್ತಿದೀನಿ. ಒಂದು ದಿನ ತಪ್ಪಿಸಿಲ್ಲ. ಪೇಟೆಯಲ್ಲೂ ಹುಡುಕಿ ಹುಡುಕಿ ಗಟ್ಟಿ ಕೂದಲಿಂದೇ ತರ್ತೀನಿ. ಮಗಳಿಗೂ ಹಂಗೇ ಕಲಿಸಿದೀನಿ. ಸೋಮವಾರ ಸೋಮವಾರ ಪಂದ್ಯ ಇಡ್ತೀನಿ."

ಊರಿನಲ್ಲಿ ಯಾರೂ ತನ್ನ ಮಾತು ಕೇಳುವುದಿಲ್ಲ ಎಂದು ಬಾಸಿಲಿಯಾ ಗೊಣಗುವುದುಂಟು. ಕೇಳಿದವನೊಬ್ಬ ಎದುರಿಗೆ ನಿಂತಿದ್ದ. ಅವನು ಕೇಳಿದ್ದು ತಪ್ಪು ಪಾಠವನ್ನು, ಇಪ್ಪತ್ತಾರು ವರ್ಷ, ಎರಡು ತಲೆಮಾರಿಗೆ. ಅಂದು ಮಧ್ಯಾಹ್ನವೇ ಅವರು ಅವನ ಮನೆಗೆ ಹೋಗಿ, ಎಂಟು ವರ್ಷದ ಮಗಳ ಬ್ರಷ್ಷು ಇಸಿದುಕೊಂಡು ಮೆತ್ತಗಿನದ್ದೊಂದನ್ನು ಕೈಗಿತ್ತರು. ನೊರೆ ಬರಲ್ಲ ಇದರಲ್ಲಿ ಎಂದು ಹುಡುಗಿ ಮುಖ ಊದಿಸಿತು. ಬರದಿದ್ದರೇ ಗೆದ್ದ ಹಾಗೆ, ಎಂದು ಬಾಸಿಲಿಯಾ ಹೊಸ ನಿಯಮ ಹೇಳಿದರು. ಯಾರು ಅತಿ ಮೆಲ್ಲಗೆ, ಅತಿ ಹೆಚ್ಚು ಹೊತ್ತು ಉಜ್ಜುತ್ತಾರೋ ಅವರಿಗೆ ಬಹುಮಾನ. ಹುಡುಗಿಗೆ ನಂಬಿಕೆ ಬಂದಂತಿರಲಿಲ್ಲ.

ಗುರುವಾರ ಸಿಪ್ರಿಯಾನೋ ಬಂದ. ಬರುವನೋ ಇಲ್ಲವೋ ಎಂದು ಬಾಸಿಲಿಯಾ ಬೆಳಗಿನಿಂದ ಆರೋಗ್ಯ ಕೇಂದ್ರದ ಗೇಟಿನ ತನಕ ಹದಿನಾಲ್ಕು ಸಲ ಹೋಗಿ ಬಂದಿದ್ದರು. ಎಣಿಸಿದ್ದು ಡಾಕ್ಟರ್ ಹಿಮೇನಾ. ಒಸಡಿನಡಿಯ ಕಿಟ್ಟ ತೆಗೆಯಲು ಮುಕ್ಕಾಲು ಗಂಟೆ. ಹಲ್ಲಿನ ಹಿಂಬದಿಗೆ ತಂತಿ ಬೆಸೆಯಲು ಇನ್ನರ್ಧ. ಅಷ್ಟೂ ಹೊತ್ತು ಬಾಸಿಲಿಯಾ ಕನ್ನಡಿ ಹಿಡಿದು ನಿಂತಿದ್ದರು. ಒಂದೆರಡು ವಾರ ಊದುವುದು ಕಮ್ಮಿ ಮಾಡು ಎಂದರು ಡಾಕ್ಟರ್. ಕಾರ್ನಿವಲ್ಲಿಗೆ ಒಂಬತ್ತೇ ದಿನ ಇತ್ತು. ಕೊನೆಗೆ ರಾಜಿಯಾಯಿತು. ಅಭ್ಯಾಸಕ್ಕೆ ಹೋಗಲಿ, ಬೆರಳಾಡಿಸಲಿ, ಊದದಿರಲಿ. ಹಬ್ಬದ ದಿನ ಮಾತ್ರ ಊದಲಿ, ಅದೂ ಅರ್ಧ ದಾರಿ. ಟ್ರಂಪೆಟ್ಟು ಕೈಯಲ್ಲಿ ಹಿಡಿದು ಸುಮ್ಮನೆ ನಿಂತ ಮೊದಲನೆಯವನನ್ನು ನೋಡಿ ಬ್ಯಾಂಡಿನವರು ಒಂಬತ್ತು ದಿನವೂ ಗೋಳು ಹೊಯ್ದುಕೊಂಡರು.

ಹಬ್ಬದ ಶನಿವಾರ. ಮೆರವಣಿಗೆ ಇಗರ್ಜಿಯ ಮುಂದಿನ ಇಳಿಜಾರಿಗೆ ಬರುತ್ತಿದೆ. ಮಳೆ ಈಗಷ್ಟೇ ನಿಂತು ಕಲ್ಲುಹಾಸು ಒದ್ದೆಯಾಗಿದೆ. ಊರು ಬಿಟ್ಟು ಹೋದವರೆಲ್ಲ ಈ ಒಂದು ವಾರಕ್ಕೆ ಮರಳಿ ಬಂದಿದ್ದಾರೆ. ಎಲ್ಲರೂ ಕುಣಿಯುವವರನ್ನು ನೋಡುತ್ತಿದ್ದರೆ ಬಾಸಿಲಿಯಾ ಒಬ್ಬನ ಮೇಲ್ತುಟಿ ನೋಡುತ್ತಿದ್ದಾರೆ. ಬ್ಯಾಂಡು ಮೂಲೆ ತಿರುಗುತ್ತದೆ. ಸಿಪ್ರಿಯಾನೋ ಟ್ರಂಪೆಟ್ಟು ಎತ್ತುತ್ತಾನೆ. ಯಾವ ಹಾಡೆಂದು ಬಾಸಿಲಿಯಾರನ್ನು ಆಮೇಲೆ ಕೇಳಿದರೆ ಗೊತ್ತಿರಲಿಲ್ಲ. ಎತ್ತರದ ಸ್ವರ ಬಂದಾಗ ಅವರ ಮೇಲ್ತುಟಿಯೂ ತನ್ನಷ್ಟಕ್ಕೆ ಬಿಗಿಯುತ್ತದೆ. ಸ್ವರ ನಿಲ್ಲುತ್ತದೆ, ಒಡೆಯುವುದಿಲ್ಲ. ಪಕ್ಕದಲ್ಲಿದ್ದ ಸಾತುಕಾ ಅವರ ಸೊಂಟ ತಿವಿಯುತ್ತಾರೆ. "ಉಸಿರಾಡು ಕೊಮಾದ್ರೆ, ಊದ್ತಿರೋನು ಅವನು."

ಅರ್ಧ ದಾರಿ ಮುಗಿದು ಬ್ಯಾಂಡು ನಿಂತಾಗ ಸಿಪ್ರಿಯಾನೋ ನೇರ ಇವರತ್ತ ಬರುತ್ತಾನೆ. ಕೇಳದೆಯೇ ತುಟಿ ಎತ್ತುತ್ತಾನೆ. ಬಾಸಿಲಿಯಾ ಹಬ್ಬದ ಲಂಗದ ಮಡಿಕೆಯಿಂದ ಟಾರ್ಚು ತೆಗೆಯುತ್ತಾರೆ, ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಸಲಾಕೆಯನ್ನೂ. ಹಬ್ಬಕ್ಕೂ ಅದನ್ನು ತಂದಿದ್ದಾರೆಂದು ಸಾತುಕಾ ಹಣೆ ಚಚ್ಚಿಕೊಳ್ಳುತ್ತಾರೆ. ಬಿಳಿಚಿದ ಅಂಚು ತಿಳಿಗೆಂಪಿಗೆ ತಿರುಗಿದೆ. ತಂತಿ ಗಟ್ಟಿಯಾಗಿದೆ. ಅಳತೆ ನಾಲ್ಕು.

"ನಾಲ್ಕು ನಾಲ್ಕೇ ಇದೆ," ಎನ್ನುತ್ತಾರೆ ಬಾಸಿಲಿಯಾ. ಮೂರು ವಾರದಲ್ಲಿ ಮೊದಲ ಬಾರಿಗೆ ಅವರ ದನಿಯಲ್ಲಿ ಅವಸರವಿಲ್ಲ. "ಮೇಲೆ ಹೋದದ್ದು ಕೆಳಗೆ ಬರಲ್ಲಪ್ಪ, ನಿನಗೆ ಸುಳ್ಳು ಹೇಳಲ್ಲ. ಇನ್ನಷ್ಟು ಹೋಗದಿದ್ರೆ ಸಾಕು ನನಗೆ."

ನಿಮಗೊಂದು ಆಸೆ ಅಂತ ಇದ್ದರೆ ಏನು, ಎಂದು ಹಿಂದೊಮ್ಮೆ ಕೇಳಿದ್ದಕ್ಕೆ ಅವರು ಸನ್ಮಾನ ಬೇಡ, ಪದಕ ಬೇಡ ಎಂದು ಕೈ ಅಲ್ಲಾಡಿಸಿಬಿಟ್ಟಿದ್ದರು. "ಉಳಿದ ಹದಿನೇಳು ಬಾಯಿ ಸಿಗಬೇಕು. ಒಬ್ಬೊಬ್ಬರಿಗೂ, ಮಗಾ ನಾನು ತಪ್ಪು ಹೇಳ್ಕೊಟ್ಟೆ ಅಂತ ಹೇಳ್ಬೇಕು. ಅಲ್ಲಿವರೆಗೂ ನನ್ನ ಕಾಲು ಕೂರೋಕೆ ಬಿಡಲ್ಲ." ಹಬ್ಬದ ಬೀದಿಯಲ್ಲಿ ಇನ್ನೇನು ಅವರು ಟಾರ್ಚು ಒಳಗಿಡಬೇಕು, ಅಷ್ಟರಲ್ಲಿ ಸಿಪ್ರಿಯಾನೋ ಹಿಂದೆ ತಿರುಗಿ, ಜನರ ನಡುವಿನಿಂದ ಒಬ್ಬನನ್ನು ತೋಳು ಹಿಡಿದು ಎಳೆದು ತರುತ್ತಾನೆ. ದಪ್ಪಗಿನ ಆಳು, ಎದೆಗೆ ಪಕ್ಕದೂರಿನ ಬ್ಯಾಂಡಿನ ದೊಡ್ಡ ಡೋಲು ಕಟ್ಟಿಕೊಂಡಿದ್ದಾನೆ. ಏನು ಎತ್ತ ಎಂದು ತಿಳಿಯದೆ ನಗುತ್ತಿದ್ದಾನೆ. ನಕ್ಕಾಗ ಮುಂಬಲ್ಲುಗಳು ಉದ್ದುದ್ದ ಕಾಣುತ್ತವೆ.

"ದೋನ್ಯಾ, ಇವನು ಎಲಿಸೆಯೋ. ನಮ್ಮ ಕ್ಲಾಸಿನವನು. ಚಿಲಿಯಲ್ಲಿದ್ದ. ನೊರೆ ಪಂದ್ಯದಲ್ಲಿ ಯಾವಾಗಲೂ ನನ್ನ ಹಿಂದೆ, ಎರಡನೇ ಬಹುಮಾನ."

"ಅಯ್ಯೋ, ದೋನ್ಯಾ ಬಾಸಿ!" ಎಲಿಸೆಯೋನ ಮುಖ ಅರಳುತ್ತದೆ. "ಈಗಲೂ ನೀವು ಹೇಳಿದ ಹಾಗೇ ಉಜ್ತೀನಿ!"

ಅತ್ತ ಬ್ಯಾಂಡು ಮತ್ತೆ ಹೊರಡಲು ಶಿಳ್ಳೆ ಹೊಡೆಯುತ್ತಿದೆ. ಸಾತುಕಾ ಆಗಲೇ ಎಲೆಯ ಚೀಲಕ್ಕೆ ಕೈಹಾಕಿದ್ದವರು, ಮೆಲ್ಲನೆ ಅದರ ಬಾಯಿ ಕಟ್ಟುತ್ತಾರೆ. ಬಾಸಿಲಿಯಾ ಒದ್ದೆ ಕಲ್ಲಿನ ಮೇಲೆ ಒಂದು ಹೆಜ್ಜೆ ಮುಂದಿಟ್ಟು, ಎಲಿಸೆಯೋನ ಗಲ್ಲ ಹಿಡಿದು, ಟಾರ್ಚು ಹಚ್ಚುತ್ತಾರೆ.

"ಆ ಡೋಲು ಕೆಳಗಿಡಪ್ಪ. ನಿನಗೊಂದು ಮಾತು ಹೇಳೋದಿದೆ."